ಮೆಣಸಿನಕಾಯಿ ವ್ಯಾಪಾರಿಯ ಎರಡು ಪಿಯಾನೊ

"ಎಂದೂ ಶ್ರುತಿ ಕೆಡದ ಪಿಯಾನೊ ಪ್ಯಾಟ್ಯಾಗ ಬಂದಾವು. ಮತ್ತ ಈ ಕಟ್ಟಿಗಿ ಪಿಯಾನೊ ಯಾಕ ಬೇಕ್ರಿ, ಮಾಸ್ತರ?"

ಕೇಳಿದವನು ಯಮನೂರ. ಕೇಳಿಸಿಕೊಂಡವರು ಮುರಿಗೆಪ್ಪ ಮಾಸ್ತರು. ಮಾಸ್ತರು ಧಾರವಾಡದಲ್ಲಿ ಕಟ್ಟಿಗೆಯ ಪಿಯಾನೊಗಳಿಗೆ ಶ್ರುತಿ ಕೂಡಿಸುವವರು. ಯಮನೂರ ಅವರ ಬಳಿ ಆ ವಿದ್ಯೆ ಕಲಿಯಲು ಹಳ್ಳಿಯಿಂದ ಬಂದು ನಾಲ್ಕು ತಿಂಗಳಾಗಿತ್ತು. ಮಾಸ್ತರಿಗೆ ಇಷ್ಟು ವರ್ಷದಲ್ಲಿ ಬಂದದ್ದು ತನಗೆ ನಾಲ್ಕು ತಿಂಗಳಲ್ಲಿ ಬಂತು ಎಂಬ ವಿಷಯದಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅವನ ಊರಿನ ಭಜನೆಯ ಹಾರ್ಮೋನಿಯಮ್ಮನ್ನು ಪೂರಾ ಬಿಚ್ಚಿ ಮತ್ತೆ ಜೋಡಿಸಿದ ಗಂಡಸು ಸುತ್ತಲಿನ ಏಳು ಹಳ್ಳಿಯಲ್ಲಿ ಅವನೊಬ್ಬನೇ. ಜೋಡಿಸಿದ ಮೇಲೆ ಎರಡು ತಿರುಪು ಕೈಯಲ್ಲೇ ಉಳಿದವು. ಆದರೂ ಪೆಟ್ಟಿಗೆ ನುಡಿಯಿತು. ಈ ಮಾತನ್ನು ಅವನು ಬಂದ ದಿನವೇ ಮಾಸ್ತರಿಗೆ ಹೇಳಿದ್ದ. ಆಮೇಲೆಯೂ ಹೇಳುತ್ತಲೇ ಇದ್ದ. ಪ್ರತಿ ಸಲ ಹಳ್ಳಿಗಳ ಸಂಖ್ಯೆ ಒಂದಷ್ಟು ಏರುತ್ತಿತ್ತು.

ಅಂದು ಬೆಳಿಗ್ಗೆ ಮಾಸ್ತರು ಮೊದಲ ಸಲ ಅವನ ಕೈಗೆ ಶ್ರುತಿ ಕೀಲಿ ಕೊಟ್ಟು ಒಬ್ಬನನ್ನೇ ಕಳಿಸಿದ್ದರು. ಪಿಯಾನೊದ ಒಳಗೆ ಇನ್ನೂರಕ್ಕೂ ಮೇಲ್ಪಟ್ಟು ತಂತಿಗಳಿರುತ್ತವೆ. ಒಂದೊಂದು ತಂತಿಯೂ ಒಂದೊಂದು ಕಬ್ಬಿಣದ ಗೂಟಕ್ಕೆ ಸುತ್ತಿರುತ್ತದೆ. ಆ ಗೂಟ ತಿರುಗಿಸುವ ಹಿಡಿಕೆಯೇ ಕೀಲಿ. ಕೀಲಿ ಹಿಡಿದವನು ಕಸುಬುದಾರ. ಹಿಡಿಯದವನು ಧೂಳು ಒರೆಸುವವನು. ಯಮನೂರ ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ಹೋಗುವ ದಾರಿಯಲ್ಲೇ ಊರಿಗೆ ಫೋನು ಹಚ್ಚಿ, ತಾನು ಇಂದಿನಿಂದ ಪಿಯಾನೊ ಇಂಜಿನಿಯರ್ ಎಂದು ಸೋದರಮಾವನಿಗೆ ತಿಳಿಸಿದ. ಸೋದರಮಾವ ಹೋಟೆಲಿನಲ್ಲಿ ಕೂತಿದ್ದ. ಹಾಗಾಗಿ ಊರಿಗೆಲ್ಲ ತಿಳಿಯಿತು.

ಶಾಲೆಯಲ್ಲಿ ಯಮನೂರ ಪಿಯಾನೊದ ಮೇಲೆ ಶ್ರುತಿ ಅಳೆಯುವ ಆ್ಯಪ್ ತೆರೆದ ಮೊಬೈಲು ಇಟ್ಟು, ಒಂದೊಂದೇ ತಂತಿ ಮೀಟಿ, ಪರದೆಯ ಮುಳ್ಳು ಹಸಿರು ಗೆರೆಗೆ ಬರುವವರೆಗೆ ತಿರುಗಿಸಿ ಕೆಲಸ ಮುಗಿಸಿದ. ಮಾಸ್ತರು ಅರ್ಧ ದಿನ ಕಿವಿಯಾನಿಸಿ ಮಾಡುವ ಕೆಲಸ ಅವನಿಗೆ ಎರಡು ತಾಸಿನಲ್ಲಿ ಆಯಿತು. ಸಂಗೀತದ ಶಿವಗಂಗಾ ಟೀಚರ್ ಬಂದು ನುಡಿಸಿ ನೋಡಿದರು. "ಬಿಡಿಬಿಡಿಯಾಗಿ ಸರಿ ಅದಾವಪ್ಪ. ಕೂಡಿಸಿ ನುಡಿಸಿದ್ರ ಮ್ಯಾಲಿನ ಸ್ವರ ಅಳ್ತಾವು" ಎಂದರು. ಯಮನೂರ ಮೊಬೈಲು ತೋರಿಸಿದ. "ಟೀಚರ್ರ, ಮಷೀನು ಸುಳ್ಳು ಹೇಳಂಗಿಲ್ಲ. ನಿಮ್ಮ ಕಿವೀನಽ ಒಮ್ಮೆ ಡಾಕ್ಟರಿಗೆ ತೋರಿಸ್ಕೋರಿ" ಎಂದ. ಟೀಚರ್ ಒಂದು ಚೀಟಿ ಬರೆದು, ನಾಲ್ಕು ಮಡಿಕೆ ಮಡಚಿ, ಮಾಸ್ತರಿಗೆ ಕೊಡು ಎಂದರು. ಮರುದಿನ ಹತ್ತು ಗಂಟೆಗೆ ಶಾಲೆಯ ಹುಡುಗಿಯರೆಲ್ಲ ಆ ಪಿಯಾನೊದೊಂದಿಗೆ ಹಾಡಬೇಕಿತ್ತು.

ಮಾಸ್ತರು ಚೀಟಿ ಓದಿದರು. ಜೇಬಿಗೆ ಇಟ್ಟುಕೊಂಡರು. ಕೈ ಚಾಚಿದರು. ಯಮನೂರ ಕೀಲಿ ಕೊಟ್ಟ. ಮಾಸ್ತರು ಅದನ್ನು ಗೋಡೆಯ ಮೊಳೆಗೆ ತೂಗುಹಾಕಿ, ಅವನ ಕೈಗೆ ಧೂಳು ಒರೆಸುವ ಅರಿವೆ ಕೊಟ್ಟರು.

ಮಾಸ್ತರು ಕೆಲಸ ಮಾಡುವ ಆ ಕೋಣೆಯಲ್ಲಿ ಅವರದೇ ಒಂದು ಹಳೆಯ ಪಿಯಾನೊ ಇತ್ತು. ಅದರ ಮುಚ್ಚಳ ತೆಗೆದರೆ ಸಾಕು, ಯಮನೂರನಿಗೆ ಸೀನು. ಎಂಥ ಧೂಳೋ ಏನೋ, ನಾಲ್ಕು ತಿಂಗಳಿಂದ ಒರೆಸುತ್ತಿದ್ದರೂ ಮುಗಿದಿರಲಿಲ್ಲ. ಈಗ ಮತ್ತೆ ಅದರ ಮುಂದೆಯೇ ಕೂರಬೇಕಾಯಿತು. ಕೀಲಿ ಮೊಳೆಯ ಮೇಲೆ. ಊರಿನಲ್ಲಿ ತಾನು ಇಂಜಿನಿಯರ್. ಎಷ್ಟು ತಿರುಗಿಸಿ ನೋಡಿದರೂ ಯಮನೂರನಿಗೆ ಇವೆರಡೂ ಕೂಡಲಿಲ್ಲ. ಅದಕ್ಕೇ ಆ ಪ್ರಶ್ನೆ.

"ನಾ ಹೇಳೂದು ಇಷ್ಟಽ" ಎಂದ ಯಮನೂರ. "ಕಟ್ಟಿಗೀದು ಮಳಿಗೆ ಉಬ್ಬತೈತಿ, ಬ್ಯಾಸಿಗಿಗೆ ಕುಗ್ಗತೈತಿ, ಆರು ತಿಂಗಳಿಗೊಮ್ಮೆ ಅಪಸ್ವರ. ಕರೆಂಟಿಂದು ಮಷೀನು. ಎಂದೂ ತಪ್ಪಂಗಿಲ್ಲ. ಶಾಲಿಯವರು ಅದನ್ನಽ ತೊಗೊಂಡ್ರ ಟೀಚರ್ರ ಬಾಯೂ ಬಂದ್ ಆಗತೈತಿ."

"ಒಂದು ಕತಿ ಹೇಳ್ತೀನಿ" ಎಂದರು ಮಾಸ್ತರು.

"ಕತಿ ಬ್ಯಾಡ್ರಿ. ಕೀಲಿ ಕೊಡ್ರಿ."

"ಮೊದಲ ಕತಿ. ಕೀಲಿ ಆಮ್ಯಾಲ."

ಮಾಸ್ತರು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಒಣಮೆಣಸಿನಕಾಯಿ ವ್ಯಾಪಾರ. ಕಣ್ಣು ಮುಚ್ಚಿ ಚೀಲಕ್ಕೆ ಮೂಗು ಹಚ್ಚಿದರೆ ಯಾವ ಹೊಲದ ಕಾಯಿ, ಗಿಡದಿಂದ ಎಷ್ಟನೆಯ ಸಲ ಬಿಡಿಸಿದ್ದು ಎಂದು ಹೇಳುತ್ತಿದ್ದ. ಚೀಲದ ಬಾಯಲ್ಲಿ ಕೆಂಪು ಕಾಯಿ ಇಟ್ಟು ತಳದಲ್ಲಿ ಬಣ್ಣಗೆಟ್ಟ ಬಿಳಿಗಾಯಿ ತುಂಬಿ ತಂದವನನ್ನು ಸಂತೆಯ ನಡುವೆ ನಿಲ್ಲಿಸಿ ಮಾನ ಹರಾಜು ಹಾಕುತ್ತಿದ್ದ. "ನನಗ ಮಾಲು ತೋರಿಸಬ್ಯಾಡ, ಮಾಲಿಗೆ ನನ್ನ ತೋರಿಸು, ತಾನಽ ಬಾಯಿ ಬಿಡತೈತಿ" ಎನ್ನುವುದು ಅವನ ದಿನನಿತ್ಯದ ಮಾತು.

"ಗಂಡಸಂದ್ರ ಹಂಗಿರಬೇಕ್ರಿ!" ಎಂದ ಯಮನೂರ.

"ಹೌದು, ಹಂಗಽ ಇದ್ದ" ಎಂದು ಮಾಸ್ತರು ಮುಂದುವರಿಸಿದರು.

ವ್ಯಾಪಾರಿಗೆ ಒಬ್ಬಳು ಮಗಳು. ಹನ್ನೊಂದು ವರ್ಷ. ಶಾಲೆಯ ಪಿಯಾನೊದ ಮೇಲೆ ಕಲಿಯುತ್ತಿದ್ದಳು. ಕಲಿಸುವವರು ವ್ಯಾಪಾರಿಯನ್ನು ಕರೆಸಿ, ಈ ಹುಡುಗಿಯ ಕೈ ಚೆನ್ನಾಗಿದೆ, ಕಿವಿಯಂತೂ ಸಾವಿರದಲ್ಲೊಂದು, ಮನೆಯಲ್ಲಿ ಒಂದು ಪಿಯಾನೊ ಇದ್ದರೆ ಒಳ್ಳೆಯದು ಎಂದರು. ಕೊಳ್ಳುವ ಮೊದಲು ಊರ ಶ್ರುತಿಗಾರ ಮುದುಕನನ್ನು ಜೊತೆಗೆ ಕರೆದೊಯ್ಯಿರಿ ಎಂದೂ ಹೇಳಿದರು. ವ್ಯಾಪಾರಿ ಮೀಸೆಯಲ್ಲೇ ನಕ್ಕ. ಮಾಲು ಆರಿಸುವುದಕ್ಕೆ ತನಗೆ ಇನ್ನೊಬ್ಬನೇ? ಒಬ್ಬನೇ ಹೋದ.

ಹಳೆಯ ಬಂಗಲೆಯೊಂದರಲ್ಲಿ ಒಬ್ಬ ಮುದುಕಿ ಎರಡು ಪಿಯಾನೊ ಮಾರಲು ಇಟ್ಟಿದ್ದಳು. ಒಂದು ಕಂದು ಬಣ್ಣದ್ದು. ಬಣ್ಣ ಸುಲಿದಿತ್ತು, ಬೆರಳಿಟ್ಟು ನುಡಿಸುವ ಪಟ್ಟಿಗಳು ಹಳದಿಯಾಗಿದ್ದವು. ಇನ್ನೊಂದು ಕಪ್ಪು. ಮುಖ ಕಾಣುವಂಥ ಹೊಳಪು. ಮುದುಕಿ ಪ್ರಾಮಾಣಿಕಳು. ಕಂದು ಪಿಯಾನೊದ ಮುಚ್ಚಳ ತೆಗೆದು, "ಇದರ ಗೂಟ ಗಟ್ಟಿ ಅದಾವು, ತಂತಿಗೆ ಜಂಗು ಹತ್ತಿಲ್ಲ. ಕರಿದು ಬರೇ ಹೊರಗಿನ ಚಂದ" ಎಂದಳು. ಕೊಳ್ಳಬೇಡ ಎಂದು ಮಾರುವವರೇ ಹೇಳಿದರೆ ಆ ಮಾಲು ಉತ್ತಮವಾದದ್ದು, ಅದನ್ನು ಇಟ್ಟುಕೊಳ್ಳಲು ನೋಡುತ್ತಿದ್ದಾರೆ ಎಂದು ವ್ಯಾಪಾರಿ ಲೆಕ್ಕ ಹಾಕಿದ. ಎರಡನ್ನೂ ಮೂಸಿ ನೋಡಿದ. ಕರಿಯದರಲ್ಲಿ ತನ್ನ ಮೀಸೆ ನೋಡಿಕೊಂಡ. ಮೀಸೆ ಬಹಳ ಚೆನ್ನಾಗಿ ಕಂಡಿತು. ಅಲ್ಲಿಗೆ ಆಯ್ಕೆ ಮುಗಿಯಿತು. ಜನ್ಮವಿಡೀ ಚೀಲದ ತಳಕ್ಕೆ ಕೈ ಹಾಕಿದವನು ಅಂದು ಬಾಯಿ ನೋಡಿ ಕೊಂಡ.

ದರ ಕುದುರಿಸಲು ಅವನಿಗೆ ಗೊತ್ತಿದ್ದದ್ದು ಒಂದೇ ರೀತಿ. ಹೆಗಲ ಟವೆಲು ತೆಗೆದು ಮುದುಕಿಯ ಕೈ ಮೇಲೆ ಹೊದಿಸಿ, ಒಳಗೆ ಅವಳ ಬೆರಳು ಹಿಡಿದ. ಮೆಣಸಿನಕಾಯಿ ಸಂತೆಯಲ್ಲಿ ಹಾಗೆಯೇ. ಎಷ್ಟು ಬೆರಳು ಹಿಡಿದರೆ ಅಷ್ಟು ದರ, ಪಕ್ಕದವನಿಗೆ ಗೊತ್ತಾಗದು. ಮುದುಕಿಗೆ ಆ ಪದ್ಧತಿ ಗೊತ್ತಿರಲಿಲ್ಲ. ಅವನು ಎರಡು ಬೆರಳು ಹಿಡಿದ. ಅವಳು ಕಿರುಚಿದಳು. ದರ ಒಪ್ಪಿಗೆಯಾಗಲಿಲ್ಲ ಎಂದು ತಿಳಿದು ಮೂರು ಬೆರಳು ಹಿಡಿದ. ಅವಳು ಇನ್ನೂ ಜೋರಾಗಿ ಕಿರುಚಿದಳು. ಪೂರಾ ಹಸ್ತ ಹಿಡಿಯುವ ಹೊತ್ತಿಗೆ ತೋಟದಲ್ಲಿದ್ದ ಅವಳ ಗಂಡ ಸಲಿಕೆ ಹಿಡಿದು ಬಂದ. ಊರಿಗೆ ಬಂದ ಮೇಲೆ ವ್ಯಾಪಾರಿ, "ಭಾಳ ಗಟ್ಟಿ ಹೆಣಮಗಳು, ದರ ಇಳಿಸಲೇ ಇಲ್ಲ" ಎಂದು ಹೊಗಳಿದ.

ಯಮನೂರ ತೊಡೆ ಬಡಿದುಕೊಂಡು ನಕ್ಕ. ಮಾಸ್ತರು ನಗಲಿಲ್ಲ.

ಪಿಯಾನೊ ಬಂತು. ಹತ್ತು ಹಮಾಲರು ಇಳಿಸಿದರು. ವ್ಯಾಪಾರಿ ಅದನ್ನು ಮಗಳ ಕೋಣೆಯಲ್ಲಿ ಇಡಲಿಲ್ಲ. ಕೊಳ್ಳುವವರು ಮಾರುವವರು ಎಲ್ಲರಿಗೂ ಕಾಣಲಿ ಎಂದು ಗೋದಾಮಿನ ಮುಂಭಾಗದಲ್ಲಿ ಇಟ್ಟ. ಗೋದಾಮಿನಲ್ಲಿ ಇಲಿ. ಪಿಯಾನೊದ ಒಳಗೆ ತಂತಿ ಹೊಡೆಯುವ ಪುಟ್ಟ ಸುತ್ತಿಗೆಗಳಿಗೆ ಉಣ್ಣೆ ಹಚ್ಚಿರುತ್ತಾರೆ. ಇಲಿಗೆ ಅದು ಹಾಸಿಗೆ. ಇಲಿಗೆ ಏನು ಮದ್ದು ಎಂದು ವ್ಯಾಪಾರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕೆಳಗಿನ ಹಲಗೆ ತೆಗೆದು, ತನ್ನ ಗೋದಾಮಿನ ಅತಿ ಖಾರದ ಕಾಯಿ ನಾಲ್ಕು ಬುಟ್ಟಿ ಒಳಗೆ ಸುರಿದ. ಇಲಿ ಬರಲಿಲ್ಲ. ಮಗಳು ಒಂದು ಪಾಠ ನುಡಿಸುವುದರೊಳಗೆ ಏಳು ಸಲ ಸೀನುತ್ತಿದ್ದಳು. "ತಾಳಕ್ಕ ಸೀನು ಮಗಳಽ, ತಾಳಕ್ಕ" ಎನ್ನುತ್ತಿದ್ದ ವ್ಯಾಪಾರಿ.

ಎರಡು ತಿಂಗಳಿಗೆ ಪಿಯಾನೊ ಅಪಸ್ವರಕ್ಕೆ ತಿರುಗಿತು. ಈಗ ಶ್ರುತಿಗಾರ ಮುದುಕನನ್ನು ಕರೆಸಲೇಬೇಕಾಯಿತು. ಮುದುಕ ಬಂದು ಹಲಗೆ ತೆಗೆದ. ಹತ್ತೊಂಬತ್ತು ಸಲ ಸೀನಿದ. ಇಪ್ಪತ್ತನೆಯದನ್ನು ತಡೆದುಕೊಂಡು ಇಡೀ ದಿನ ಕೂತು ಶ್ರುತಿ ಕೂಡಿಸಿದ. ಹೋಗುವಾಗ ಹೇಳಿದ: "ಯಜಮಾನರ, ಗೂಟ ಕೂಡಿಸಿದ ಹಲಗಿ ಒಣಗೇತಿ. ಈ ಕಾಯಿ ತೆಗಸ್ರಿ. ಬಿಸಲು ಬೀಳೂ ಗ್ವಾಡಿಯಿಂದ ಸರಿಸ್ರಿ. ಬ್ಯಾಸಿಗ್ಯಾಗ ಕೆಳಗ ಒಂದು ಬಟ್ಟಲ ನೀರಿಡ್ರಿ, ಗಾಳಿ ಅಷ್ಟು ತಂಪಿರಲಿ. ಆರು ತಿಂಗಳಿಗೊಮ್ಮೆ ನನಗ ಹೇಳಿ ಕಳಸ್ರಿ."

ನೀರು ಎಂಬ ಮಾತು ಕೇಳಿದ್ದೇ ವ್ಯಾಪಾರಿಯ ಕಣ್ಣು ಕಿರಿದಾಯಿತು.

ಮೆಣಸಿನಕಾಯಿ ವ್ಯಾಪಾರದಲ್ಲಿ ನೀರು ಎಂದರೆ ಮೋಸ. ಕಾಯಿಗೆ ನೀರು ಚಿಮುಕಿಸಿದರೆ ತೂಕ ಏರುತ್ತದೆ, ಆಮೇಲೆ ಒಳಗೇ ಬೂಷ್ಟು ಹಿಡಿಯುತ್ತದೆ. ಇಂಥವರನ್ನು ಅವನು ನೂರು ಜನರನ್ನು ಹಿಡಿದಿದ್ದ. "ಏ ಮುದುಕ" ಎಂದ. "ನೀರ ಹಾಕಿ ಮಾಲು ಕೆಡಿಸೂ ವಿದ್ಯಾ ನನಗಽ ಕಲಿಸಾಕ ಬಂದಿ? ನೀನಽ ಕೆಡಿಸಿ, ನೀನಽ ರಿಪೇರಿ ಮಾಡ್ತಿ. ಆರು ತಿಂಗಳಿಗೊಮ್ಮೆ ಕೆಡೂ ಮಾಲು ನಾ ಮಾರಿದ್ರ ಗಿರಾಕಿ ನನ್ನ ಬಿಡ್ತಾನೇನು?"

ಮುದುಕ ಚೀಲ ಎತ್ತಿಕೊಂಡು ಹೋದ.

ಮಾಲು ಒಣಗಿದಷ್ಟೂ ಒಳ್ಳೆಯದು. ಇದು ವ್ಯಾಪಾರಿ ಅಪ್ಪನಿಂದ ಕಲಿತದ್ದು. ಪಿಯಾನೊದಲ್ಲಿ ಎಲ್ಲೋ ಹಸಿ ಉಳಿದಿದೆ, ಅದಕ್ಕೇ ಮುಲುಗುತ್ತಿದೆ ಎಂದು ತೀರ್ಮಾನಿಸಿದ. ಮಾರ್ಚ್ ತಿಂಗಳು. ಹತ್ತು ಹಮಾಲರನ್ನು ಕರೆದು, ಪಿಯಾನೊ ಎತ್ತಿಸಿ, ಕಾಯಿ ಒಣಗಿಸುವ ಕಣದ ನಡುವೆ ಇಡಿಸಿದ. ಸುತ್ತಲೂ ಕೆಂಪು ಕಾಯಿ, ನಡುವೆ ಕರಿ ಪಿಯಾನೊ. ಒಬ್ಬ ಆಳು ಕೈಯಲ್ಲಿ ಹಲ್ಲುಕೋಲು ಹಿಡಿದು ನಿಂತಿದ್ದ. ಕಾಯಿಯನ್ನು ತಾಸಿಗೊಮ್ಮೆ ತಿರುವಿ ಹಾಕುವುದು ಅವನ ಕೆಲಸ. "ಇದನ್ನೂ ತಿರುವಲೇನ್ರಿ, ಧಣ್ಯಾರ?" ಎಂದು ಕೇಳಿದ. ವ್ಯಾಪಾರಿ ಸ್ವಲ್ಪ ಹೊತ್ತು ಯೋಚಿಸಿ, "ಮಧ್ಯಾಹ್ನದ ಮ್ಯಾಲ ನೋಡೂಣು" ಎಂದ.

ಮಧ್ಯಾಹ್ನದ ಮೇಲೆ ನೋಡುವ ಪ್ರಸಂಗ ಬರಲಿಲ್ಲ. ಮೂರು ಗಂಟೆಗೆ ಕಣದಿಂದ ಬಂದೂಕು ಹಾರಿದ ಸದ್ದು ಬಂತು. ಹಮಾಲರು ಚೀಲಗಳ ಹಿಂದೆ ಅಡಗಿದರು. ಪಿಯಾನೊದ ಬೆನ್ನಿನ ನಾದದ ಹಲಗೆ ಈ ತುದಿಯಿಂದ ಆ ತುದಿಗೆ ಸೀಳಿತ್ತು.

ಯಮನೂರ ಅರಿವೆ ಬಿಸಾಡಿ ಹೊಟ್ಟೆ ಹಿಡಿದುಕೊಂಡ. "ಪಿಯಾನೊಕ್ಕ ಬಿಸಿಲು ಕಾಸ್ಯಾನ್ರಿ? ಸಂಡಿಗಿ ಅಂದ್ಕೊಂಡಾನೇನು? ನಮ್ಮೂರಾಗ ಹೊರಿ ಹೊರೂ ಕತ್ತಿಗೂ ಇದಕ್ಕಿಂತ ಜಾಸ್ತಿ ಬುದ್ಧಿ ಐತಿ, ಮಾಸ್ತರ!"

"ಕತ್ತಿ ಪಿಯಾನೊ ಕೊಳ್ಳಂಗಿಲ್ಲ" ಎಂದರು ಮಾಸ್ತರು. "ಕೇಳು."

ಸೀಳಿದ ಪಿಯಾನೊ ಗೋದಾಮಿನ ಮೂಲೆ ಸೇರಿತು. ಮಗಳು ಎರಡು ದಿನ ಅನ್ನ ಮುಟ್ಟಲಿಲ್ಲ. ವ್ಯಾಪಾರಿಗೆ ಮಗಳೆಂದರೆ ಪ್ರಾಣ. ಕರೆಂಟಿನ ಪಿಯಾನೊ ಬಂದಿದೆ, ಅದಕ್ಕೆ ತಂತಿಯಿಲ್ಲ, ಗೂಟವಿಲ್ಲ, ಎಂದೂ ಶ್ರುತಿ ಕೆಡದು ಎಂದು ಯಾರೋ ಹೇಳಿದರು. ವ್ಯಾಪಾರಿ ಕುಣಿದ. ದಾರಿಯಲ್ಲಿ ಸಿಕ್ಕ ಮುದುಕನನ್ನು ನಿಲ್ಲಿಸಿ, "ನಿನ್ನ ಧಂದೆ ಮುಗೀತು ನೋಡು" ಎಂದ.

ಮುದುಕನಿಗೆ ಸಿಟ್ಟು ಬರಲಿಲ್ಲ. "ಛಲೋ ಆತು, ತೊಗೊಳ್ರಿ. ಅದೂ ವಾದ್ಯಽ. ಪಟ್ಟಿ ಎಂಬತ್ತೆಂಟು ಇರಲಿ. ಒತ್ತಿದ್ರ ಕಟ್ಟಿಗೀದರಂಗ ಬೆರಳಿಗೆ ತೂಕ ತಿಳೀಬೇಕು. ಗುಂಡಿ ಎಷ್ಟು ಕಡಿಮಿ ಇದ್ರ ಅಷ್ಟು ನೆಮ್ಮದಿ. ಕರೆಂಟು ಏರಿ ಇಳೀತಿದ್ರ ನಡುವ ಒಂದು ಸ್ಟೆಬಿಲೈಜರ್ ಡಬ್ಬಿ ಹಾಕ್ರಿ. ಮತ್ತ ಮಗಳನ್ನ ಕರ್ಕೊಂಡು ಹೋಗ್ರಿ. ಆಕಿ ಕಿವಿ ಆರಸಲಿ" ಎಂದ.

ವ್ಯಾಪಾರಿ ಮಗಳನ್ನು ಕರೆದೊಯ್ಯಲಿಲ್ಲ. ಮುದುಕ ಹೇಳಿದ್ದಕ್ಕೆ ಉಲ್ಟಾ ಮಾಡಿದರೆ ಮೋಸ ಹೋಗುವುದಿಲ್ಲ ಎಂದುಕೊಂಡ. ಅಂಗಡಿಯಲ್ಲಿ ಅತಿ ಹೆಚ್ಚು ಗುಂಡಿಗಳಿದ್ದದ್ದನ್ನು ಆರಿಸಿದ. ಅದರಲ್ಲಿ ಹೆಲಿಕಾಪ್ಟರಿನ ಸದ್ದೂ ಬರುತ್ತಿತ್ತು.

ಈ ಪಿಯಾನೊ ಗೋದಾಮಿಗೆ ಹೋಗಲಿಲ್ಲ. ಮನೆಯ ನಡುಮನೆಯಲ್ಲಿ ನಿಂತಿತು. ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ವ್ಯಾಪಾರಿ ತಾನೇ ಅದನ್ನು ಟವೆಲಿನಿಂದ ಒರೆಸುತ್ತಿದ್ದ. ಎಣ್ಣೆ ಹಾಕಿದ ಎಮ್ಮೆಯನ್ನು ಒರೆಸಿದ ಹಾಗೆ, ಗಟ್ಟಿಯಾಗಿ, ಉದ್ದುದ್ದ. ಒಂದು ದಿನ ಟವೆಲು ಒಂದು ಗುಂಡಿಯ ಮೇಲೆ ಎರಡು ಸಲ ಒತ್ತಿತು. ಅದು ಎಲ್ಲ ಸ್ವರವನ್ನೂ ಮೇಲೆ ಸರಿಸುವ ಗುಂಡಿ. ಒತ್ತಿದಷ್ಟೂ ಒಂದೊಂದು ಪಟ್ಟಿ ಮೇಲಕ್ಕೆ. ಸಣ್ಣ ದೀಪವೊಂದು ಹತ್ತಿತು. ಒಂದು ದೀಪ ಜಾಸ್ತಿ ಹತ್ತಿದ್ದು ನೋಡಿ ವ್ಯಾಪಾರಿಗೆ ಸಂತೋಷವೇ ಆಯಿತು. ಆರಿಸಿ ಹಚ್ಚಿದರೂ ಅದನ್ನು ಮರೆಯದ ಜಾತಿಯ ಯಂತ್ರ ಅದು.

ಅಂದು ಸಂಜೆ ಮಗಳು, "ಅಪ್ಪಾ, ಯಾಕೋ ಸರಿ ಇಲ್ಲ. ಶಾಲಿದೂ ನಮ್ಮದೂ ಕೂಡವಲ್ದು" ಎಂದಳು.

"ಶಾಲಿದು ಕಟ್ಟಿಗೀದವ್ವ. ಅದು ಕೆಟ್ಟಿರತೈತಿ."

ನಾಲ್ಕು ದಿನ ಬಿಟ್ಟು, "ಅಪ್ಪಾ, ಹಾರ್ಮೋನಿಯಮ್ಮಿಗೂ ಕೂಡವಲ್ದು" ಎಂದಳು.

"ಅದೂ ಹಳೇದು."

"ದೇವಸ್ಥಾನದ ಗಂಟಿ..."

"ಗಂಟಿಗೂ ತುಕ್ಕು ಹಿಡೀತೈತಿ. ಮಗಳಽ, ಇದು ಎಂದೂ ತಪ್ಪಂಗಿಲ್ಲ. ತಪ್ಪಿದ್ದು ನಿನ್ನ ಕಿವಿ."

ಹುಡುಗಿ ಅಪ್ಪನ ಮಾತು ನಂಬಿದಳು. ಹನ್ನೊಂದು ವರ್ಷದವಳು ಅಪ್ಪನನ್ನಲ್ಲದೆ ಇನ್ನಾರನ್ನು ನಂಬಬೇಕು? ಮೊದಲು ನುಡಿಸುತ್ತ ಹಾಡಿಕೊಳ್ಳುತ್ತಿದ್ದಳು. ಹಾಡುವುದನ್ನು ಬಿಟ್ಟಳು. ಆಮೇಲೆ ಶಾಲೆಯಲ್ಲಿ ಯಾರಾದರೂ ಸ್ವರ ಕೇಳಿದರೆ, ನನಗೆ ಗೊತ್ತಾಗುವುದಿಲ್ಲ ಎನ್ನತೊಡಗಿದಳು.

ಶಾಲೆಯ ವಾರ್ಷಿಕ ದಿನ ಬಂತು. ಮಕ್ಕಳ ಹಾಡಿಗೆ ಅವಳೇ ಪಿಯಾನೊ ನುಡಿಸಬೇಕು. ವ್ಯಾಪಾರಿ ಶಾಲೆಯ ಕಟ್ಟಿಗೆಯ ಪಿಯಾನೊವನ್ನು ಪಕ್ಕಕ್ಕೆ ಸರಿಸಿ, ತನ್ನದನ್ನೇ ವೇದಿಕೆಗೆ ಏರಿಸಿದ. ಮುಂದಿನ ಸಾಲಿನಲ್ಲಿ ಜರಿ ರುಮಾಲು ಸುತ್ತಿ ಕೂತ. ಹಿಂದಿನ ಸಾಲಿನಲ್ಲಿ ಶ್ರುತಿಗಾರ ಮುದುಕನೂ ಕೂತಿದ್ದ.

ಹಾಡು ಶುರುವಾಯಿತು. ಪಿಯಾನೊ ಒಂದು ಕಡೆ, ಉಳಿದವರೆಲ್ಲ ಇನ್ನೊಂದು ಕಡೆ. ಜನ ಒಬ್ಬರ ಮುಖ ಒಬ್ಬರು ನೋಡಿದರು. ವ್ಯಾಪಾರಿ ಎದ್ದು ನಿಂತ. "ನಿಲ್ಲಸ್ರಿ! ಪಿಯಾನೊ ತಪ್ಪಂಗಿಲ್ಲ, ಅದು ಮಷೀನು. ಏ ಪೆಟ್ಟಿಗಿಯವನ, ನೀ ಮ್ಯಾಲಕ್ಕ ಸರಿ."

ಹಾರ್ಮೋನಿಯಮ್ಮಿನವನು ಎರಡು ಪಟ್ಟಿ ಮೇಲೆ ಸರಿದ. ಕೊಳಲಿನವನಿಗೆ ಸರಿಯಲು ಆಗುವುದಿಲ್ಲ. ಅವನು ಕೊಳಲು ಚೀಲದಲ್ಲಿಟ್ಟು ಕೈಮುಗಿದು ಕೂತ. ತಬಲಾದವನು ಸುತ್ತಿಗೆ ತೆಗೆದು ತಬಲಾ ಏರಿಸತೊಡಗಿದ. ಹೊಡೆದ, ಹೊಡೆದ. "ಇನ್ನಷ್ಟು! ಇನ್ನಷ್ಟು!" ಎಂದು ವ್ಯಾಪಾರಿ ಕೂಗಿದ. ಟಪ್ಪೆಂದು ಚರ್ಮ ಹರಿಯಿತು. ಮಕ್ಕಳು ಮೇಲಿನ ಸ್ವರ ಹಿಡಿಯಲು ಹಿಮ್ಮಡಿ ಎತ್ತಿ, ಕತ್ತು ಚಾಚಿ, ಹುಬ್ಬು ಏರಿಸಿ ಕಿರುಚಿದರು. ಹೊರಗೆ ಎರಡು ನಾಯಿಗಳು ಜೊತೆಗೂಡಿದವು. ನಾಯಿಗಳು ಮಾತ್ರ ಪಿಯಾನೊದ ಸ್ವರಕ್ಕೆ ಸರಿಯಾಗಿ ಕೂಡಿದ್ದವು.

ಯಮನೂರ ನೆಲಕ್ಕೆ ಉರುಳಿ ನಗುತ್ತಿದ್ದ. ಮಾಸ್ತರು ಅವನ ನಗೆ ಇಳಿಯುವವರೆಗೆ ಕಾದರು. ಆಮೇಲೆ ದನಿ ತಗ್ಗಿಸಿದರು.

ಹುಡುಗಿ ಪಿಯಾನೊದಿಂದ ಕೈ ತೆಗೆದಳು. ವ್ಯಾಪಾರಿ, "ನುಡಸವ್ವಾ, ನೀ ನುಡಸು, ಯಾರು ನಗತಾರ ನಾ ನೋಡ್ತೀನಿ" ಎಂದ. ಹುಡುಗಿ ಅವನ ಕಡೆ ತಿರುಗಿ, "ನಾ ಬ್ಯಾಡಪ್ಪ. ನನ್ನ ಕಿವಿ ಸರಿ ಇಲ್ಲಲ್ಲ" ಎಂದಳು. ವ್ಯಂಗ್ಯಕ್ಕೆ ಹೇಳಲಿಲ್ಲ. ನಿಜವೆಂದೇ ಹೇಳಿದಳು. ಮುಚ್ಚಳ ಹಾಕಿ ಇಳಿದು ಹೋದಳು.

ಶ್ರುತಿಗಾರ ಮುದುಕ ಹಿಂದಿನ ಸಾಲಿನಿಂದ ಎದ್ದು ಬಂದ. ಶಾಲೆಯ ಪಿಯಾನೊದ ಒಂದು ಪಟ್ಟಿ ಒತ್ತಿದ. ಕರೆಂಟಿನದರ ಅದೇ ಪಟ್ಟಿ ಒತ್ತಿದ. ತಲೆದೂಗಿದ. ಒಂದು ಬೆರಳಿನಿಂದ, ಸ್ವರ ಕೆಳಗಿಳಿಸುವ ಗುಂಡಿಯನ್ನು ಎರಡು ಸಲ ಒತ್ತಿದ. ದೀಪ ಆರಿತು. ಎರಡೂ ಪಿಯಾನೊ ಕೂಡಿದವು.

ವ್ಯಾಪಾರಿ ಬಾಯಿ ತೆರೆದು ನಿಂತಿದ್ದ. "ಏನ ಮಾಡಿದ್ಯೋ ಮುದುಕ?" ಎಂದ.

"ಏನಿಲ್ರಿ" ಎಂದ ಮುದುಕ. "ಕೇಳಿದೆ."

ಹುಡುಗಿ ಆಮೇಲೆ ಮೂರು ವರ್ಷ ಯಾವ ಪಿಯಾನೊದ ಮುಂದೆಯೂ ಕೂರಲಿಲ್ಲ.

ಮಾಸ್ತರು ನಿಲ್ಲಿಸಿದರು.

ಯಮನೂರ ಕಣ್ಣೊರೆಸಿಕೊಂಡ. ನಕ್ಕು ನಕ್ಕು ನೀರು ಬಂದಿತ್ತು. "ಎಂಥಾ ಹುಂಬ ಸೂಳೇಮಗ ಇದ್ದಾನ್ರೀ ಅವ! ಸ್ವಂತ ಮಗಳು ಹೇಳಾಕತ್ತಾಳ, ಶಾಲಿ ಹೇಳಾಕತೈತಿ, ಗುಡೀ ಗಂಟಿ ಹೇಳಾಕತೈತಿ, ಅವೆಲ್ಲ ಬಿಟ್ಟು ಒಂದು ಡಬ್ಬೀ ಮಾತು ಕಟ್ಕೊಂಡು ಕುಣದಾನಲ್ಲ! ಕಿವಿ ಅಂಬೂದು ತಲೀ ಎರಡೂ ಬಾಜು ಯಾಕ ಕೊಟ್ಟಾನ್ರಿ ದೇವರು? ನಾ ಅಲ್ಲಿದ್ದಿದ್ರ ಆ ಮೀಸಿ ಹಿಡದು..."

ಮೀಸೆ ಹಿಡಿದು ಏನು ಮಾಡುತ್ತಿದ್ದೆ ಎಂದು ತೋರಿಸಲು ಯಮನೂರ ಎದುರಿನ ಹಳೆಯ ಪಿಯಾನೊದ ಮೇಲೆ ಅಂಗೈ ಬಡಿದ. ಕೆಳಗಿನ ಹಲಗೆ ಸಡಿಲಾಗಿ ಬಿಚ್ಚಿಕೊಂಡಿತು. ಯಮನೂರ ಸೀನಿದ. ಎರಡು ಸಲ, ಮೂರು ಸಲ. ನಾಲ್ಕನೆಯ ಸಲ ತಲೆ ಬಗ್ಗಿಸಿದಾಗ ಅವನ ಕಣ್ಣು ಹಲಗೆಯ ಹಿಂದೆ ಹೋಯಿತು. ನಾದದ ಹಲಗೆಯಲ್ಲಿ ಈ ತುದಿಯಿಂದ ಆ ತುದಿಗೆ ಒಂದು ಸೀಳು. ಅದಕ್ಕೆ ಬಹಳ ಹಿಂದೆ ಯಾರೋ ತಾಳ್ಮೆಯಿಂದ ತೆಳು ಕಟ್ಟಿಗೆ ಕೂಡಿಸಿ ಅಂಟಿಸಿದ್ದರು. ಮೂಲೆಯ ಸಂದಿಯಲ್ಲಿ ಒಂದು ಒಣಗಿದ ಬೀಜ. ಯಮನೂರ ಅದನ್ನು ಬೆರಳಿನಿಂದ ಎತ್ತಿ ನೋಡಿದ. ಮೆಣಸಿನಕಾಯಿಯ ಬೀಜ. ನಾಲ್ಕು ತಿಂಗಳಿಂದ ಅವನು ಒರೆಸುತ್ತಿದ್ದದ್ದು ಧೂಳಾಗಿರಲಿಲ್ಲ.

ಅವನು ನಿಧಾನಕ್ಕೆ ತಲೆಯೆತ್ತಿ ಮಾಸ್ತರ ಕಡೆ ನೋಡಿದ. ಸೂಳೇಮಗ ಎಂದ ಬಾಯಿ ಈಗ ಬೇರೆ ಯಾರದಾದರೂ ಆಗಿರಬಾರದಿತ್ತೇ ಎನಿಸಿತು.

"ಮಾಸ್ತರ" ಎಂದ ಕಡೆಗೆ, ಸಣ್ಣ ದನಿಯಲ್ಲಿ. "ಆ ಹುಡುಗಿ... ಮೂರು ವರ್ಷ ಆದ ಮ್ಯಾಲಾದ್ರೂ ಪಿಯಾನೊ ಮುಟ್ಟಿದಳೇನ್ರಿ?"

"ಆಕಿ ಮುಟ್ಟೂ ತನಕ ನಾ ಆ ಮುದುಕನ ಚೀಲ ಹೊತ್ತು ಕಸುಬು ಕಲತೆ" ಎಂದ ಮಾಸ್ತರು ಜೇಬಿನಿಂದ ಬೆಳಿಗ್ಗೆಯ ಚೀಟಿ ತೆಗೆದು ಅವನ ಕೈಗೆ ಕೊಟ್ಟರು. ಅವನೇ ಹೊತ್ತು ತಂದ ಚೀಟಿ. ಯಮನೂರ ನಾಲ್ಕು ಮಡಿಕೆ ಬಿಚ್ಚಿದ. ಮೇಲೆ "ಅಪ್ಪಾ" ಎಂದಿತ್ತು. ಅದರ ಕೆಳಗೆ, "ನಾಳೆ ಹತ್ತಕ್ಕೆ ಮಕ್ಕಳ ಹಾಡು. ಕಿವಿ ಇರುವವರನ್ನು ಯಾರನ್ನಾದರೂ ಕಳಿಸು." ಕೊನೆಗೆ ಶಿವಗಂಗಾ ಎಂಬ ಸಹಿ. ಯಮನೂರನಿಗೆ ಇನ್ನೊಂದು ಸೀನು ಬರುವುದಿತ್ತು. ಅರ್ಧಕ್ಕೆ ನಿಂತಿತು.

ಮಾಸ್ತರು ಮೊಳೆಯಿಂದ ಕೀಲಿ ತೆಗೆದು, ಅವನ ಮುಂದೆ ಪಿಯಾನೊದ ಮೇಲೆ ಇಟ್ಟರು.

"ಆಕಿ ಕಿವಿ ಸರಿ ಇಲ್ಲ ಅಂದವರೊಳಗ ನೀನು ಎರಡನೇದಾಂವ."